ಕಾಡುಮೊಲವನ್ನೂ ಹುತ್ತದ ಅಣಬೆಯನ್ನೂ ಹೋಲಿಸುವ ಕ್ರಮ

ಮೊದಲು ಹೋಲಿಸಬೇಕಾದ ಎರಡು ಜೀವಿಗಳು ಯಾವುವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ನಾಗರಹೊಳೆಯ ಹುಲ್ಲುಬಯಲಿನಲ್ಲಿ ಕತ್ತಲಾದ ಮೇಲೆ ಮೇಯಲು ಬರುವುದು ಕತ್ತಿನ ಹಿಂಭಾಗದಲ್ಲಿ ಕಪ್ಪು ಪಟ್ಟೆಯಿರುವ ಕಾಡುಮೊಲ, ಲೆಪಸ್ ನೈಗ್ರಿಕೊಲಿಸ್. ಮನೆಯಲ್ಲಿ ಸಾಕುವ ಬಿಳಿ ಮೊಲ ಬೇರೆಯೇ ಜಾತಿಯದು. ಅದರ ಮರಿಗಳು ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡೇ ಹುಟ್ಟಿದರೆ, ಕಾಡುಮೊಲದ ಮರಿಗಳು ಮೈತುಂಬ ಕೂದಲಿದ್ದು, ಕಣ್ಣು ತೆರೆದೇ ಹುಟ್ಟುತ್ತವೆ. ಅಣಬೆಗಳಲ್ಲಿ, ಮುಂಗಾರಿನಲ್ಲಿ ಕೊಡವರು ಕುಮ್ಮು ಎಂದು ಹುಡುಕಿ ತರುವವುಗಳ ಪೈಕಿ ಗೆದ್ದಲಿನ ಗೂಡಿನಿಂದೇಳುವ ಹುತ್ತದ ಅಣಬೆ, ಟರ್ಮಿಟೊಮೈಸಿಸ್ ಕುಲದ್ದನ್ನು ಆರಿಸಿಕೊಳ್ಳಿ.

ಅಣಬೆಯನ್ನು ಸಸ್ಯವೆಂದು ಬರೆದರೆ ಹೋಲಿಕೆ ಮೊದಲ ಸಾಲಿನಲ್ಲೇ ಕೆಡುತ್ತದೆ. ಅದಕ್ಕೆ ಪತ್ರಹರಿತ್ತಿಲ್ಲ, ಮೊಲದ ಯಕೃತ್ತಿನಂತೆಯೇ ಅದೂ ಪಿಷ್ಟದ ಬದಲು ಗ್ಲೈಕೋಜನ್ ಕೂಡಿಡುತ್ತದೆ, ವಂಶಾವಳಿಯಲ್ಲಿ ಅದು ಪಕ್ಕದ ಕಾಫಿ ಗಿಡಕ್ಕಿಂತ ಮೊಲಕ್ಕೇ ಹತ್ತಿರದ ನೆಂಟ. ಬಣ್ಣ, ತೂಕ, ಎತ್ತರಗಳಿಗೆ ಒಂದೊಂದು ಸಾಲು ಸಾಕು.

ಹೆಚ್ಚು ಜಾಗ ಕೊಡಬೇಕಾದದ್ದು ಆಹಾರಕ್ಕೆ. ಸಸ್ಯದ ನಾರನ್ನು ಅರಗಿಸುವುದು ಮೊಲಕ್ಕೂ ಅಣಬೆಯನ್ನು ಸಾಕುವ ಗೆದ್ದಲಿಗೂ ಇರುವ ಕಷ್ಟ, ಮತ್ತು ಇಬ್ಬರ ಪರಿಹಾರವೂ, ಹೇಳಲು ಸಂಕೋಚವಾದರೂ, ಹಿಕ್ಕೆಯ ಮೂಲಕವೇ ಸಾಗುತ್ತದೆ. ಮೊಲದ ಕುರುಡುಕರುಳಿನಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸುತ್ತವೆ. ಅಲ್ಲಿಂದ ಬರುವ ಮೆತ್ತನೆಯ ಹಿಕ್ಕೆಯನ್ನು ಮೊಲ ಮತ್ತೆ ನುಂಗಿ, ಮೊದಲ ಸಲ ಕೈತಪ್ಪಿದ ಪೋಷಕಾಂಶಗಳನ್ನು ಪಡೆಯುತ್ತದೆ. ಗೆದ್ದಲಾದರೋ ತರಗೆಲೆ, ಒಣಕಟ್ಟಿಗೆಗಳನ್ನು ತಿಂದು, ಅರೆಜೀರ್ಣವಾದ ಹಿಕ್ಕೆಯಿಂದ ನೆಲದೊಳಗೆ ಜೇನುಹುಟ್ಟಿನಂಥ ತೋಟ ಕಟ್ಟುತ್ತದೆ. ಅಣಬೆಯ ಶಿಲೀಂಧ್ರವು ಅದರಲ್ಲಿ ಬೆಳೆದು ನಾರನ್ನು ಒಡೆಯುತ್ತದೆ, ಗೆದ್ದಲು ಆ ತೋಟವನ್ನೇ ಮತ್ತೆ ತಿನ್ನುತ್ತದೆ. ನಾವು ಕೀಳುವ ಕೊಡೆ ಆ ತೋಟದ ಫಲ ಮಾತ್ರ. ಆದ್ದರಿಂದ ಕೀಳುವಾಗ ಗೂಡನ್ನು ಅಗೆದು ಹಾಳುಮಾಡಬಾರದು.

ಕೊನೆಯ ಸಾಲು ಉಪಯೋಗದ್ದು. ಕಾಡುಮೊಲದ ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಡೆಯಿದೆ. ಕೊಡವರ ಕೋವಿಗೆ ದೊರೆತಿರುವುದು ಪರವಾನಗಿಯ ವಿನಾಯಿತಿಯೇ ಹೊರತು ಬೇಟೆಯ ಅನುಮತಿಯಲ್ಲ. ಅಣಬೆಯ ವಿಷಯದಲ್ಲಿ ತಡೆಯಬೇಕಾದವರು ನಾವೇ. ಹುತ್ತದ ಅಣಬೆಯ ಕೊಡೆಯ ನಡುವೆ ಮೊನಚಾದ ಉಬ್ಬು, ಕಾಂಡದ ಬುಡದಲ್ಲಿ ಗೂಡಿನವರೆಗೆ ಇಳಿಯುವ ಬೇರಿನಂಥ ಬಾಲ ಇರುತ್ತವೆ. ಕೊಡೆಯನ್ನು ಬಿಳಿ ಕಾಗದದ ಮೇಲೆ ಕವುಚಿ ರಾತ್ರಿಯಿಡೀ ಬಿಟ್ಟರೆ ಗುಲಾಬಿ ಛಾಯೆಯ ಪುಡಿ ಉದುರಬೇಕು; ಹಸಿರು ಪುಡಿ ಬಿದ್ದರೆ ಎಸೆದುಬಿಡಿ. ಗುಲಾಬಿ ಪುಡಿಯ ವಿಷದ ಅಣಬೆಗಳೂ ಇರುವುದರಿಂದ, ಊರಿನ ಅನುಭವಿಗಳಿಗೆ ಬುಡಸಮೇತ ತೋರಿಸದೆ ಒಲೆಗೇರಿಸಬೇಡಿ.