ಅಡಿಕೆ ಧಾರಣೆ ಪಟ್ಟಿ ಕೊನೆಗೂ ಅಳಿಸದೆ ಉಳಿದದ್ದು: ನನ್ನ ಅನುಭವ

ಎರಡು ವರ್ಷದಿಂದ ಒಂದು ಪೈಥಾನ್ ಪ್ರೋಗ್ರಾಮಿನ ಮೂಲಕ ಒಂದೇ ಎಕ್ಸೆಲ್ ಫೈಲಿಗೆ ಶಿರಸಿ, ಸಿದ್ದಾಪುರ, ಸಾಗರ, ಶಿವಮೊಗ್ಗ, ಯಲ್ಲಾಪುರದ ಅಡಿಕೆ ಧಾರಣೆ ದಿನಾ ಸೇರುತ್ತಾ ಬಂದಿದೆ. ಹೆಚ್ಚೂಕಡಿಮೆ 12,000 ಸಾಲು, ಒಂದೂ ಅಳಿದಿಲ್ಲ. "ಇದೆಲ್ಲ ಆಗೋ ಕೆಲ್ಸ ಅಲ್ಲ, ಸುಮ್ನೆ ಪುಸ್ತಕದಲ್ಲಿ ಬರ್ಕೋ" ಅಂದಿದ್ದ ಭಾವ ಈಗ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರುವ ಮೊದಲು ನನಗೇ ಫೋನ್ ಮಾಡುತ್ತಾರೆ.

ಮೊದಲ ಪೆಟ್ಟು ನಿಮಗೂ ಬಿದ್ದಿರುತ್ತದೆ. ಪೇಟೆಗಳ ಮೇಲೆ ಲೂಪ್ (ಒಂದೊಂದೇ ಪೇಟೆಗೆ ಅದೇ ಕೆಲಸ), ಅದರೊಳಗೆ ಪಾಂಡಾಸ್ ಅನ್ನೋ ಪೈಥಾನ್ ಲೈಬ್ರರಿಯ ಟು_ಎಕ್ಸೆಲ್, ಅಂದರೆ ಎಕ್ಸೆಲ್ ಫೈಲ್ ಬರೆಯುವ ಆದೇಶ. ಓಡಿಸಿದೆ, ಎರರ್ ಬರಲಿಲ್ಲ. ಫೈಲ್ ತೆರೆದರೆ ಯಲ್ಲಾಪುರ ಒಂದೇ ಇದೆ! ಪ್ರತಿ ಸುತ್ತಿಗೂ ಫೈಲ್ ಹೊಸದಾಗಿ ಹುಟ್ಟುತ್ತಿತ್ತು. ಹಾಗಾಗಿ ಕೊನೆಯ ಪೇಟೆ ಮಾತ್ರ ಉಳಿಯುತ್ತಿತ್ತು. ಇದ್ದ ಫೈಲಿಗೇ ಸೇರಿಸುವ ಅಪೆಂಡ್ ಮೋಡ್ ಹಾಕಿ, ಇದ್ದ ಶೀಟಿನಲ್ಲೇ ಬರೆ ಅಂತ ಓವರ್‌ಲೇ ಕೊಟ್ಟೆ. ಯಾವ ಸಾಲಿನಿಂದ ಶುರು ಅನ್ನುವ ಸ್ಟಾರ್ಟ್‌ರೋ ಕೊಡಲಿಲ್ಲ. ಹೊಸ ಸಾಲುಗಳು ಮೇಲಿನಿಂದಲೇ ಹಳೆಯದರ ಮೇಲೆ ಕೂತವು.

ಆಮೇಲೆ ಪರಿಚಯದ ಹುಡುಗನೊಬ್ಬನಿಗೆ 4,500 ರೂಪಾಯಿ ಕೊಟ್ಟು ಮಾಡಿಸಿದೆ. ಅವನು ಹಳೇ ಫೈಲ್ ಪೂರ್ತಿ ಓದಿ, ಹೊಸದನ್ನು ಸೇರಿಸಿ, ಮತ್ತೆ ಪೂರ್ತಿ ಬರೆಯುತ್ತಿದ್ದ. ಡೇಟಾ ಉಳಿಯಿತು. ಆದರೆ ನಾನು ಹಾಕಿದ್ದ ಬಣ್ಣ, ವಾರದ ಸರಾಸರಿಯ ಫಾರ್ಮುಲಾ ಎಲ್ಲ ಹೋದವು. ಆ ಶೀಟಿಗೆ ತಿಂಗಳಿಗೆ 500 ಕೊಡುತ್ತಿದ್ದ ದಲಾಲಿ ಅಂಗಡಿಯವರು ಎರಡು ತಿಂಗಳು ನೋಡಿ ಬಿಟ್ಟರು.

ಎಕ್ಸೆಲ್ ಫೈಲನ್ನು ನೇರ ತೆರೆದು ತಿದ್ದುವ ಓಪನ್‌ಪೈಎಕ್ಸೆಲ್ ಅನ್ನೋ ಇನ್ನೊಂದು ಲೈಬ್ರರಿಗೆ ಬಂದ ಮೇಲೆ ದಾರಿ ಸಿಕ್ಕಿತು, ಹೊಂಡಗಳೂ ಸಿಕ್ಕವು. ಚೆಂದಕ್ಕೆ ಅಂತ 1,000 ಸಾಲಿನವರೆಗೆ ಗೆರೆ ಎಳೆದಿಟ್ಟಿದ್ದೆ. ಗೆರೆ ಇದ್ದ ಖಾಲಿ ಸಾಲನ್ನೂ ಅದು ತುಂಬಿದ ಸಾಲು ಅಂತಲೇ ಲೆಕ್ಕ ಹಿಡಿಯುತ್ತದೆ. ಅಪೆಂಡ್ ಮಾಡಿದ್ದು ಹೋಗಿ 1,001ನೇ ಸಾಲಿಗೆ ಬಿತ್ತು. ಡೇಟಾ ಸೇರಲೇ ಇಲ್ಲ ಅಂದುಕೊಂಡು ಮೂರು ಸಲ ಓಡಿಸಿದ್ದೇನೆ. ಈಗ ಮೊದಲ ಕಾಲಮ್ಮಿನಲ್ಲಿ ಕೆಳಗಿನಿಂದ ಮೇಲಕ್ಕೆ ಹುಡುಕಿ, ತಾರೀಖು ಸಿಕ್ಕ ಜಾಗದ ಮುಂದಿನ ಸಾಲಿಗೆ ಬರೆಯುತ್ತೇನೆ. ಇನ್ನೊಂದು ಸಲ ಸರಾಸರಿ ಓದಲು ಡೇಟಾ_ಓನ್ಲಿ (ಫಾರ್ಮುಲಾ ಬದಲು ಅದರ ಉತ್ತರ ಮಾತ್ರ ಓದುವುದು) ಹಾಕಿ ತೆರೆದು, ಅದನ್ನೇ ಸೇವ್ ಮಾಡಿದೆ. 140ರಷ್ಟು ಫಾರ್ಮುಲಾ ಬರೀ ಅಂಕಿಗಳಾದವು. ಎರಡು ರಾತ್ರಿ ಕೂತು ಮತ್ತೆ ಹಾಕಿದೆ.

ಜಾಸ್ತಿ ತಲೆ ತಿಂದದ್ದು ಮರುಸಾಲು, ಅಂದರೆ ಒಂದೇ ಸಾಲು ಎರಡು ಸಲ ಸೇರುವುದು. ತಾರೀಖು, ಪೇಟೆ, ಅಡಿಕೆ ಜಾತಿ ಮೂರೂ ಮೊದಲೇ ಇದ್ದರೆ ಬರೆಯಬೇಡ ಅಂತ ಹಾಕಿದ್ದೆ. ಆದರೂ ಶಿರಸಿಯ ಕೆಂಪುಗೋಟು ಅಡಿಕೆ ಒಂದೇ ದಿನಕ್ಕೆ ಎರಡು ಸಲ ಬರುತ್ತಿತ್ತು. ಎರಡನ್ನೂ ಪ್ರಿಂಟ್ ಮಾಡಿ ನೋಡಿದಾಗ ಗುಟ್ಟು ಗೊತ್ತಾಯಿತು. ನಾನು ಬರೆಯುತ್ತಿದ್ದದ್ದು ಬರೀ ಡೇಟ್. ಫೈಲಿನಿಂದ ವಾಪಸ್ ಬರುತ್ತಿದ್ದದ್ದು ಡೇಟ್‌ಟೈಮ್, ಹಿಂದೆ ಸೊನ್ನೆ ಗಂಟೆ ಸೊನ್ನೆ ನಿಮಿಷ ಅಂಟಿಸಿಕೊಂಡು. ಪೈಥಾನ್ ಲೆಕ್ಕದಲ್ಲಿ ಇವೆರಡೂ ಸಮ ಅಲ್ಲ. ಎರಡನ್ನೂ ಡೇಟ್ ಮಾಡಿ ಹೋಲಿಸಿದೆ, ಮುಗಿಯಿತು. ಒಂದು ಸಾಲಿನ ಬದಲಾವಣೆಗೆ ಒಂಬತ್ತು ದಿನ ಹೋಗಿತ್ತು.

ನಡುವೆ ಗೂಗಲ್ ಶೀಟ್ಸ್ ಕೂಡ ನೋಡಿದೆ. ಲೂಪಿನೊಳಗಿಂದ ಸಾಲು ಸಾಲಾಗಿ ಕಳಿಸಿದರೆ ನಿಮಿಷಕ್ಕೆ 60 ಸಲ ಮಾತ್ರ ಬರೆಯಬಹುದೆಂಬ ಮಿತಿಗೆ ಸಿಕ್ಕಿ ನಿಲ್ಲುತ್ತದೆ. ಎಲ್ಲ ಸಾಲು ಒಟ್ಟಿಗೆ ಕಳಿಸಿದರೆ ಸಲೀಸು. ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ನೆಟ್ ನಂಬಿ ಕೂರುವ ಹಾಗಿಲ್ಲ, ಅಲ್ವಾ? ಬಿಟ್ಟೆ.

ಈಗಿನ ಕ್ರಮದಲ್ಲಿ ಲೂಪ್ ಫೈಲನ್ನು ಮುಟ್ಟುವುದೇ ಇಲ್ಲ. ಐದೂ ಪೇಟೆಯ ಸಾಲುಗಳು ಒಂದು ಲಿಸ್ಟಿಗೆ ಬರುತ್ತವೆ. ಲೂಪ್ ಮುಗಿದ ಮೇಲೆ ಒಂದೇ ಸಲ ತೆರೆದು, ಬರೆದು, ಒಂದೇ ಸಲ ಸೇವ್. ಅದಕ್ಕೂ ಮೊದಲು ತಾರೀಖಿನ ಹೆಸರಲ್ಲಿ ಒಂದು ನಕಲು ಬೇರೆ ಫೋಲ್ಡರಿಗೆ ಹೋಗುತ್ತದೆ. ಸೇವ್ ಕೂಡ ನೇರ ಅಲ್ಲ, ಬೇರೆ ಹೆಸರಲ್ಲಿ ಬರೆದು ಆಮೇಲೆ ಹೆಸರು ಬದಲು. ಈ ಫೈಲಿಗೂ ಮೊದಲು, ಸೇವ್ ಆಗುವಾಗಲೇ ಕರೆಂಟ್ ಹೋಗಿ ಒಂದು ಜುಲೈ ಪೂರ್ತಿ ಕಳೆದುಕೊಂಡವನು ನಾನು. ಯಾರಾದರೂ ಫೈಲ್ ಎಕ್ಸೆಲ್‌ನಲ್ಲಿ ತೆರೆದಿಟ್ಟಿದ್ದರೆ ಪರ್ಮಿಷನ್ ಎರರ್ ಬರುತ್ತದೆ. ಆಗ ಸಾಲುಗಳು ಪಕ್ಕದ ಸಿಎಸ್‌ವಿ ಅನ್ನೋ ಸಾದಾ ಪಠ್ಯದ ಫೈಲಿಗೆ ಹೋಗಿ, ಮುಂದಿನ ಸಲ ಸೇರಿಕೊಳ್ಳುತ್ತವೆ.

ಬೆಟ್ಟೆ, ತಟ್ಟಿಬೆಟ್ಟೆ, ಬಿಳೇಗೋಟು ಹೀಗೆ ಅಡಿಕೆ ಜಾತಿಗಳ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆದು ಕಳಿಸುವುದನ್ನು ಜಾತಿಗೊಂದೇ ಹೆಸರಿಗೆ ತರುವ ಉಪಾಯ ಮಾತ್ರ ಇಲ್ಲಿ ಹೇಳುವುದಿಲ್ಲ. ಅದಕ್ಕೆ ಮೂರು ತಿಂಗಳು ಸುರಿದಿದ್ದೇನೆ, ಇನ್ನೊಂದು ಅಂಗಡಿಯವರು ಈಗ ತಿಂಗಳಿಗೆ 700 ಕೊಡುತ್ತಿರುವುದೂ ಅದಕ್ಕೇ.

ಮೊದಲು ಕೈಯಲ್ಲಿ 40 ನಿಮಿಷ ಹಿಡಿಯುತ್ತಿದ್ದ ಕೆಲಸಕ್ಕೆ ಈಗ 20 ಸೆಕೆಂಡ್ ಸಾಕು. ಸಿದ್ದಾಪುರದ ಧಾರಣೆ ತಡವಾಗಿ ಬಂದ ದಿನ ರಾತ್ರಿ ಇನ್ನೊಮ್ಮೆ ಓಡಿಸುತ್ತೇನೆ. ಸಿದ್ದಾಪುರ ಮಾತ್ರ ಕೆಳಗೆ ಸೇರುತ್ತದೆ, ಉಳಿದ ನಾಲ್ಕು ಪೇಟೆ ಇದ್ದಲ್ಲೇ ಇರುತ್ತವೆ.