ರೇಷ್ಮೆ ಎಳೆಗೆ ನೇತುಬಿದ್ದ ಟಾರ್ಕ್ ರಾಡು

ಟಾರ್ಕ್ ರಾಡು ಅಂದರೆ ತಂತಿ ಸುತ್ತಿದ ಕಡ್ಡಿ; ಕರೆಂಟ್ ಕೊಟ್ಟರೆ ಕಾಂತವಾಗಿ, ಭೂಮಿಯ ಕಾಂತಕ್ಷೇತ್ರವನ್ನು ಹಿಡಿದು ಉಪಗ್ರಹವನ್ನು ತಿರುಗಿಸುತ್ತದೆ. ನಾನು ಮಾಡಿದ ಮೂರನೇ ರಾಡಿನ ಕಾಂತಶಕ್ತಿಯ ಅಳತೆ ಕಾಲೇಜಿನವರ ಕಡೆಯಿಂದ ಬಂತು: 0.197 ಆಂಪಿಯರ್ ಚದರ ಮೀಟರ್. ದಾರಕ್ಕೆ ಕಟ್ಟಿ, ತೂಗಾಡಿಸಿ, ಸ್ಟಾಪ್‌ವಾಚ್ ಒತ್ತಿ ನಾನು ಚೀಟಿಯಲ್ಲಿ ಬರೆದುಕೊಟ್ಟದ್ದು 0.19. ನೂರಕ್ಕೆ ನಾಲ್ಕೂ ತಪ್ಪಿಲ್ಲ. "ಉಪಗ್ರಹದ ಸಾಮಾನನ್ನ ದಾರ ಕಟ್ಟಿ ಅಳೀತಾನಂತೆ" ಅಂತ ಟೀ ಅಂಗಡಿಯಲ್ಲಿ ನಕ್ಕವರೇ ಈಗ "ಹೇಗೆ ಮಾಡಿದ್ರಿ ಸಾರ್" ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಬಾಯಿ ನೋಯಿಸಿಕೊಳ್ಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ. ವೈಂಡಿಂಗ್ ಗೊತ್ತಿರುವವರಿಗೆ ಇದು.

ನನ್ನದು ಪೀಣ್ಯದಲ್ಲಿ ಸಣ್ಣ ವೈಂಡಿಂಗ್ ಶೆಡ್ಡು. ಚೋಕು, ರಿಲೇ ಕಾಯಿಲು, ಸೊಲೆನಾಯ್ಡ್, ಇಷ್ಟೇ ಕೆಲಸ. ವಿದ್ಯಾರ್ಥಿ ಉಪಗ್ರಹ ಮಾಡುವ ಒಂದು ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಬಂದು ಮೂರು ರಾಡು, ಒಂದು ಸ್ಪೇರ್ ಬೇಕು ಅಂದರು. ಹೊರದೇಶದ ಕೊಟೇಶನ್ ಒಂದೊಂದಕ್ಕೆ ಲಕ್ಷದ ಆಸುಪಾಸು ಇತ್ತಂತೆ. ನಾನು ಬಾಯಿ ಜೋರು ಮಾಡಿ ಒಂಬತ್ತು ಸಾವಿರ ಅಂದುಬಿಟ್ಟೆ. ಆರ್ಯಭಟವನ್ನು ಕಟ್ಟಿದ್ದೇ ನಮ್ಮ ಪೀಣ್ಯದ ಶೆಡ್ಡುಗಳಲ್ಲಿ, 1975ರಲ್ಲಿ ಹಾರಿದ್ದು ಅದು. ನಮ್ಮ ಕೈಯಲ್ಲಿ ಇಷ್ಟು ಆಗೋದಿಲ್ವಾ ಅನ್ನುವ ಗತ್ತು. ಅದೇನೋ ಅನಿಲ ಚಿಮ್ಮಿಸಿ ಬುಗುರಿಯ ಹಾಗೆ ತಿರುಗಿಸಿಟ್ಟ ಉಪಗ್ರಹ, ಅದಕ್ಕೂ ಈ ರಾಡಿಗೂ ಸಂಬಂಧವಿಲ್ಲ ಅನ್ನುವುದು ಆಮೇಲೆ ತಿಳಿಯಿತು. ಗತ್ತಿಗೆ ಅಷ್ಟು ಸಾಕಿತ್ತು.

ಪಕ್ಕದ ಶೆಡ್ಡಿನ ಲೇತ್ ಗೆಳೆಯ ಮೊದಲ ದಿನವೇ ಕಾಲೆಳೆದ. "0.2 ಅಳತೆಯ ರಾಡಿಗೆ ಎಷ್ಟು ಜೋರು ಬರತ್ತೋ?" ಅಂದ. ಲೆಕ್ಕ ಹಾಕಿದೆವು. ಭೂಮಿಯ ಕಾಂತಕ್ಷೇತ್ರ 40 ಮೈಕ್ರೋಟೆಸ್ಲಾ ಅಂತ ಹಿಡಿದರೆ, ನಾಲ್ಕು ಸೆಂಟಿಮೀಟರ್ ಉದ್ದದ ಕಡ್ಡಿಯ ತುದಿಗೆ ಒಂದು ಅಕ್ಕಿಕಾಳು ಇಟ್ಟರೆ ಎಷ್ಟು ತಿರುಚು ಬೀಳುತ್ತದೋ ಅಷ್ಟು. "ಒಂದು ಅಕ್ಕಿಕಾಳಿಗೆ ಒಂಬತ್ತು ಸಾವಿರನಾ?" ಅಂದ. ಮೇಲೆ ಗಾಳಿಯಿಲ್ಲ, ಬೇರಿಂಗ್ ಇಲ್ಲ, ಹಿಡಿದಿಟ್ಟುಕೊಳ್ಳುವವರು ಯಾರೂ ಇಲ್ಲ, ಅಕ್ಕಿಕಾಳೇ ಸಾಕು ಅಂತ ಅವನಿಗೆ ಒಪ್ಪಿಸಲು ಎರಡು ತಿಂಗಳು ಹಿಡಿಯಿತು.

ಕೋರಿನ, ಅಂದರೆ ತಂತಿಯ ಒಳಗಿನ ಕಡ್ಡಿಯ ವಿಷಯ. ಮೊದಲು ಮಾಮೂಲಿ ಎಂಎಸ್ (ಮೈಲ್ಡ್ ಸ್ಟೀಲ್) ರಾಡು ಹಾಕಿದೆ. 6 ಮಿಲಿಮೀಟರ್ ದಪ್ಪ, 65 ಉದ್ದ. ಕರೆಂಟ್ ಕೊಟ್ಟಾಗ ಚೆನ್ನಾಗೇ ಬಂತು. ಕರೆಂಟ್ ತೆಗೆದ ಮೇಲೂ ಹತ್ತರಲ್ಲಿ ಒಂದು ಪಾಲು ಒಳಗೇ ಉಳಿಯಿತು. ಸ್ವಿಚ್ ಆಫ್ ಮಾಡಿದ ಮೇಲೂ ಉಪಗ್ರಹವನ್ನು ಎಳೆಯುತ್ತಿದ್ದರೆ ಅದು ಟಾರ್ಕ್ ರಾಡಲ್ಲ, ತಲೆನೋವು. ಆಮೇಲೆ ನೂರಕ್ಕೆ 80 ಪಾಲು ನಿಕಲ್ ಇರುವ ಪರ್ಮಲಾಯ್ ಅನ್ನುವ ಮಿಶ್ರಲೋಹ ತರಿಸಿದೆ. ಒಂದು ಮೀಟರ್‌ಗೆ ಹದಿನೇಳೋ ಹದಿನೆಂಟೋ ಸಾವಿರ ಆಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕ್ಯಾಟಲಾಗಿನಲ್ಲಿ ಪರ್ಮಿಯಬಿಲಿಟಿ (ಕಾಂತವನ್ನು ಒಳಗೆ ಎಳೆದುಕೊಳ್ಳುವ ಗುಣ) ಐವತ್ತು ಸಾವಿರ, ಎಂಬತ್ತು ಸಾವಿರ ಅಂತ ಬರೆದಿರುವುದಕ್ಕೆ ದುಡ್ಡು ಸುರಿಯಬೇಡಿ. ಇಷ್ಟು ಗಿಡ್ಡ ರಾಡಿನಲ್ಲಿ, ಉದ್ದ ದಪ್ಪದ ಹನ್ನೊಂದು ಪಟ್ಟೂ ಇಲ್ಲ, ಸಾವಿರ ಇದ್ದರೂ ಕೋರು ಕೊಡುವ ಲಾಭ 53–54 ಪಟ್ಟು, ಐವತ್ತು ಸಾವಿರ ಇದ್ದರೂ 56–57. ತುದಿಗಳೇ ತಿಂದುಹಾಕುತ್ತವೆ. ಪರ್ಮಲಾಯ್‌ಗೆ ನಾವು ದುಡ್ಡು ಕೊಡುವುದು ಅದು ಎಷ್ಟು ಹಿಡಿಯುತ್ತದೆ ಅಂತ ಅಲ್ಲ, ಎಷ್ಟು ಬೇಗ ಬಿಟ್ಟುಕೊಡುತ್ತದೆ ಅಂತ. ಅದೂ ಲೇತಿಗೆ ಹಾಕಿದ ಮೇಲೆ ಮತ್ತೆ ಅನೀಲ್ ಮಾಡಿಸಿದರೆ ಮಾತ್ರ. ಒಣ ಹೈಡ್ರೋಜನ್‌ನಲ್ಲಿ 1100 ಡಿಗ್ರಿ ದಾಟಿಸಿ, ನಾಲ್ಕು ಗಂಟೆ ಇಟ್ಟು, ನಿಧಾನ ಆರಿಸಬೇಕು. ಅನೀಲ್ ಆದ ಮೇಲೆ ಕೆಳಗೆ ಬೀಳಿಸಿದಿರೋ, ಮತ್ತೆ ಮೊದಲಿನಿಂದ. ನಾನು ಒಂದು ಬೀಳಿಸಿದೆ.

ವೈಂಡಿಂಗ್ ನಮ್ಮ ಮನೆಗೆಲಸ. 38 ಗೇಜ್ ಎನಾಮಲ್ ವೈರು, ಏಳು ಲೇಯರು, ಒಟ್ಟು 2500 ಟರ್ನಿನ ಹತ್ತಿರ, 57 ಓಮ್. 50 ಮಿಲಿ ಆಂಪಿಯರ್‌ಗೆ ಮೂರು ವೋಲ್ಟಿನ ಒಳಗೇ ಮುಗಿಯುತ್ತದೆ. ಎರಡನೇ ರಾಡು 51 ಓಮ್ ತೋರಿಸಿತು, ಒಳಗೆಲ್ಲೋ ಲೇಯರ್ ಶಾರ್ಟು; ಬಿಚ್ಚಿ ಬಿಸಾಕಿದೆ. ಕೈಕೊಟ್ಟದ್ದು ವಾರ್ನಿಶ್. ಇಪ್ಪತ್ತು ವರ್ಷದಿಂದ ಟ್ರಾನ್ಸ್‌ಫಾರ್ಮರಿಗೆ ಹಾಕುವ ಅದೇ ವಾರ್ನಿಶ್ ಹಾಕಿ, ಕಾಲೇಜಿನ ನಿರ್ವಾತ ಪಾತ್ರೆಯಲ್ಲಿ ಇಟ್ಟು ಬಿಸಿ ಮಾಡಿದರೆ ಗಾಜಿನ ಮೇಲೆಲ್ಲ ಮಂಜು ಕಟ್ಟಿದ ಹಾಗೆ ಆಯಿತು. ಅದೇ ಮಂಜು ಮೇಲೆ ಕ್ಯಾಮೆರಾದ ಲೆನ್ಸಿನ ಮೇಲೆ ಕೂತರೆ? ನಿರ್ವಾತದಲ್ಲಿ ತೂಕ ನೂರಕ್ಕೆ ಒಂದಕ್ಕಿಂತ ಹೆಚ್ಚು ಇಳಿಯಬಾರದು, ಹೀಗೆ ಹೋಗಿ ಕೂರುವ ಅಂಶ 0.1 ದಾಟಬಾರದು ಅನ್ನುವುದು ಆ ಲೋಕದ ನಿಯಮ. ಎಪಾಕ್ಸಿಗೆ ಬದಲಾದೆ, ಮೇಲೆ ಬಿಸಿ ತಡೆಯುವ ಕ್ಯಾಪ್ಟನ್ (Kapton) ಟೇಪು. ಯಾವ ಎಪಾಕ್ಸಿ, ಗುಳ್ಳೆ ಬರದ ಹಾಗೆ ಹೇಗೆ ಇಳಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಹೊಟ್ಟೆಪಾಡು.

ಇನ್ನು ಅಳತೆ. ಅಳತೆ ಮಾಡಿಸಲು ಹೊರಗೆ ಕೇಳಿದರೆ ಸಾಲಿನಲ್ಲಿ ನಿಲ್ಲಬೇಕು, ಒಂದು ಸಲಕ್ಕೆ ನನ್ನ ರಾಡಿನ ಬೆಲೆಗಿಂತ ಹೆಚ್ಚು. ಪಿಯುಸಿಯ ಫಿಸಿಕ್ಸ್ ಲ್ಯಾಬಿನಲ್ಲಿ ಅಯಸ್ಕಾಂತವನ್ನು ನೇತುಹಾಕಿ ತೂಗಾಡಿಸಿದ್ದು ನೆನಪಾಯಿತು. ತೂಗಾಟದ ಹೊತ್ತು ಗೊತ್ತಾದರೆ, ರಾಡಿನ ಜಡತೆ ಗೊತ್ತಾದರೆ, ಭೂಮಿಯ ಕ್ಷೇತ್ರ ಗೊತ್ತಾದರೆ, ಮಿಕ್ಕಿದ್ದು ಗುಣಾಕಾರ, ಭಾಗಾಕಾರ. ನಮ್ಮ ಕರ್ನಾಟಕದಲ್ಲಿ ಒಂದು ಅನುಕೂಲ ಬೇರೆ: ಕಾಂತ ಸಮಭಾಜಕ, ಅಂದರೆ ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮನಾಗಿ ಮಲಗಿರುವ ಗೆರೆ, ನಮ್ಮ ಕೆಳಗೇ, ಕೇರಳದ ತುಂಬಾ ಅನ್ನುವ ಊರಿನ ಹತ್ತಿರ ಹೋಗುತ್ತದೆ. ರಾಕೆಟ್ ಕೇಂದ್ರಕ್ಕೆ ಆ ಊರನ್ನು ಆರಿಸಿದ್ದೇ ಅದಕ್ಕೆ. ಹಾಗಾಗಿ ಇಲ್ಲಿ ಕ್ಷೇತ್ರ ಹೆಚ್ಚುಕಮ್ಮಿ ಮಲಗಿಕೊಂಡೇ ಇರುತ್ತದೆ. ಅಡ್ಡ ನೇತುಹಾಕಿದ ರಾಡಿಗೆ ಪೂರ್ತಿ ಸಿಗುತ್ತದೆ.

ಹೇಳುವುದು ಸುಲಭ. ಮೊದಲು ಮೀನಿನ ಗಾಳದ ನೈಲಾನ್ ದಾರ ಕಟ್ಟಿದೆ. ದಾರದ ತಿರುಚೇ ನೂರಕ್ಕೆ ಆರೇಳು ಸೇರಿಕೊಳ್ಳುತ್ತಿತ್ತು. ಕೂದಲಿನಂಥ ಎರಡು ತಂತಿಯಲ್ಲಿ ಹೊರಗಿನಿಂದ ಕರೆಂಟ್ ಕೊಟ್ಟೆ. ಕರೆಂಟ್ ಇಲ್ಲದಾಗ ಒಳಗೆ ಉಳಿದ ಕಾಂತ ಅಳೆಯೋಣ ಅಂದರೆ ತಂತಿಯದೇ ಎಳೆತ ಜಾಸ್ತಿ. ಸರಿ, ಬ್ಯಾಟರಿಯನ್ನೇ ರಾಡಿಗೆ ಕಟ್ಟೋಣ ಅಂತ ಗುಂಡಿ ಸೆಲ್ಲು ಹಾಕಿದೆ. ಅದರ ಡಬ್ಬಿ ಸ್ಟೀಲು! ಎರಡು ದಿನದ ರೀಡಿಂಗ್ ಗಟಾರಕ್ಕೆ. ಹಾಳಾದ ಬ್ಲೂಟೂತ್ ನೆಕ್‌ಬ್ಯಾಂಡ್ ಒಂದನ್ನು ಬಿಚ್ಚಿ ಅದರ ತೆಳ್ಳನೆ ಪೌಚ್ ಬ್ಯಾಟರಿ ತೆಗೆದೆ, ಎರಡು ಗ್ರಾಂ. ಕರೆಂಟ್ 50ಕ್ಕೆ ಇಳಿಸಲು ರೆಸಿಸ್ಟರ್ ಹಾಕಿದರೆ ಅದರ ಎರಡು ತುದಿಯ ಟೋಪಿಯೂ ಅಯಸ್ಕಾಂತಕ್ಕೆ ಅಂಟುತ್ತಿತ್ತು. ಕೊನೆಗೆ ಲ್ಯಾಬಿನಲ್ಲಿ ಬಳಸುವ ಯುರೇಕಾ ತಂತಿ ಸುತ್ತಿ ಹದಿನೆಂಟು ಓಮ್ ಮಾಡಿಕೊಂಡೆ.

ದಾರಕ್ಕೆ ಪರಿಹಾರ ಸಿಕ್ಕಿದ್ದು ಶಿಡ್ಲಘಟ್ಟದಿಂದ. ಅಲ್ಲಿ ರೇಷ್ಮೆ ನೂಲು ಬಿಚ್ಚಿಸುವ ನಮ್ಮ ಹಳೆಯ ಗಿರಾಕಿ ಒಬ್ಬರಿದ್ದಾರೆ, ಅವರ ಮೋಟರಿಗೆಲ್ಲ ನಾನೇ ವೈಂಡಿಂಗು. ಹುರಿ ಹಾಕದ 20–22 ಡೆನಿಯರ್ ಕಚ್ಚಾ ನೂಲು ಒಂದು ಗೇಣು ಕೇಳಿದರೆ ಲಡಿಯನ್ನೇ ಕೊಟ್ಟರು. ಮೂವತ್ತು ಗ್ರಾಂ ರಾಡನ್ನು ಅದು ಲೀಲಾಜಾಲವಾಗಿ ಹೊರುತ್ತದೆ, ತಿರುಚು ಅನ್ನುವುದೇ ಇಲ್ಲ.

ಆದರೂ ಶೆಡ್ಡಿನಲ್ಲಿ ರೀಡಿಂಗ್ ನಿಲ್ಲಲಿಲ್ಲ. ಒಂದು ಮೇಜಿನಲ್ಲಿ ತೂಗಾಟಕ್ಕೆ 6.3 ಸೆಕೆಂಡು, ಇನ್ನೊಂದರಲ್ಲಿ 8.1. ಕಿಟಕಿಯ ಗ್ರಿಲ್ಲು, ನೆಲದ ಕಬ್ಬಿಣ, ಪ್ರೆಸ್ಸು, ಎಲ್ಲವೂ ಒಂದೊಂದು ಕಡೆ ಎಳೆಯುತ್ತಿದ್ದವು. ಮೆಟ್ರೊ ಹೋದಾಗಲೆಲ್ಲ ರಾಡು ಬೆಚ್ಚಿಬೀಳುತ್ತಿತ್ತು. ಅದು ಓಡುವುದು 750 ವೋಲ್ಟ್ ಡಿಸಿಯಲ್ಲಿ, ಅಷ್ಟು ಕರೆಂಟ್ ಹರಿದರೆ ನನ್ನ ಬಡ ರಾಡು ತಿರುಗಿ ನೋಡದೆ ಇರುತ್ತದೆಯೇ. ರಾತ್ರಿ ಒಂದು ಗಂಟೆಗೆ ಎದ್ದು ಅಳೆದೂ ನೋಡಿದೆ. ಗ್ರಿಲ್ಲು ರಾತ್ರಿಯೂ ಅಲ್ಲೇ ಇರುತ್ತದಲ್ಲ.

ಎಲ್ಲ ಕಟ್ಟಿಕೊಂಡು ತೀರ್ಥಹಳ್ಳಿ ಕಡೆಯ ಮಾವನ ಮನೆಗೆ ಹೋದೆ. ಅಡಿಕೆ ತೋಟದ ಆಚೆ ಒಂದು ಹಳೆಯ ಭತ್ತದ ಕೋಣೆ, ಇಡೀ ಮರದ್ದು, ಮೊಳೆ ಕೂಡ ಕಡಿಮೆ. ಇದ್ದ ಒಂದು ಕಬ್ಬಿಣದ ಪೆಟ್ಟಿಗೆ, ಎರಡು ಕತ್ತಿ, ಒಂದು ಹಾರೆ ಹೊರಗಿಟ್ಟೆ. ಗಾಳಿಗೆ ಅಡ್ಡವಾಗಿ ರಟ್ಟಿನ ಡಬ್ಬಿ, ಮುಂದೆ ಗಾಜು. ಕತ್ತಲಲ್ಲಿ ಟಾರ್ಚು ಹಾಕಿಕೊಂಡು ನೇತಾಡುವುದನ್ನು ಎಣಿಸುತ್ತ ಕೂತವನನ್ನು ನೋಡಿ ಮಾವ, "ಅಳಿಯಂದ್ರೇ, ನಿಂಬೆಹಣ್ಣು ಏನಾದ್ರೂ ಬೇಕಿತ್ತಾ ಇದಕ್ಕೆ?" ಅಂತ ಕೇಳಿದರು. ಅವತ್ತು ಇಪ್ಪತ್ತು ತೂಗಾಟಕ್ಕೆ 146 ಸೆಕೆಂಡು. ಮತ್ತೆ ಮಾಡಿದೆ, 146. ಮತ್ತೆ, 147. ಎರಡು ಹಿತ್ತಾಳೆ ನಟ್ಟುಗಳನ್ನು ಗೊತ್ತಿರುವ ದೂರಕ್ಕೆ ಸಿಕ್ಕಿಸಿ ಇನ್ನೊಮ್ಮೆ ಅಳೆದು ಜಡತೆ ತೆಗೆದೆ. ಕೋರಿಲ್ಲದ ದುಂಡು ಕಾಯಿಲ್ ಒಂದನ್ನು ಅದೇ ಜಾಗದಲ್ಲಿ ತೂಗಾಡಿಸಿ ಕ್ಷೇತ್ರವನ್ನೂ ಅಳೆದೆ. ಅದರ ಟರ್ನು, ಕರೆಂಟು, ಅಗಲ ಗೊತ್ತಿರುವುದರಿಂದ ಮೋಸವಿಲ್ಲ. ನೆಟ್‌ನಲ್ಲಿ ಹುಡುಕಿದ ಸಂಖ್ಯೆ ನಂಬಿ ಕೂರಬೇಡಿ. ನಿಮ್ಮ ಜಾಗದ ಸಂಖ್ಯೆ ನಿಮ್ಮದು.

ಇಷ್ಟಾದರೂ ಒಂದು ಮುಳ್ಳು ಉಳಿದಿತ್ತು. ಕರೆಂಟ್ ತೆಗೆದ ಮೇಲೆ ಅನೀಲ್ ಮಾಡಿಸಿದ ಪರ್ಮಲಾಯ್ ರಾಡು ಆರಾಮಾಗಿ ಎಲ್ಲೆಂದರಲ್ಲಿ ನಿಲ್ಲಬೇಕು ತಾನೆ? ನಿಲ್ಲಲಿಲ್ಲ. ಐವತ್ತೈದು ಸೆಕೆಂಡಿಗೆ ಒಂದು ಸಲದಂತೆ ತೂಗಿ ತೂಗಿ ಉತ್ತರ-ದಕ್ಷಿಣಕ್ಕೇ ಬಂದು ಕೂರುತ್ತಿತ್ತು. ಒಳಗೆ ಕಾಂತ ಉಳಿದಿದೆ ಅಂತ ಮತ್ತೆ ಅನೀಲ್ ಮಾಡಿಸಿದೆ. ಅದೇ 55. ಇನ್ನೊಮ್ಮೆ ಮಾಡಿಸಿದೆ, ಮತ್ತೂ ಒಮ್ಮೆ. ಅನೀಲ್ ಮಾಡುವವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಸತಿಗೆ ಎರಡೂವರೆ ಸಾವಿರದ ಲೆಕ್ಕದಲ್ಲಿ ಏಳೂವರೆ ಸಾವಿರ ಬೆಂಕಿಗೆ ಹಾಕಿದ ಮೇಲೆ, ನಮ್ಮ ಬೀದಿಯ ನಿವೃತ್ತ ಫಿಸಿಕ್ಸ್ ಮೇಷ್ಟ್ರು ಗೇಟಿನ ಬಳಿ ನಿಂತು ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ಉಲ್ಟಾ ತಿರುಗಿಸಿ ಬಿಟ್ಟು ನೋಡಿದ್ಯಾ?" ನೋಡಿರಲಿಲ್ಲ. ತಲೆಯನ್ನು ದಕ್ಷಿಣಕ್ಕೆ ಮಾಡಿ ಬಿಟ್ಟೆ. ಅಲ್ಲೇ ನಿಂತಿತು! ಒಳಗೆ ಏನಾದರೂ ಉಳಿದಿದ್ದರೆ ವಾಪಸ್ ತಿರುಗಬೇಕಿತ್ತು. ಭೂಮಿಯ ಕ್ಷೇತ್ರವೇ ಕೋರಿನಲ್ಲಿ ಆ ಕ್ಷಣಕ್ಕೆ ಒಂದಿಷ್ಟು ಕಾಂತ ಹುಟ್ಟಿಸುತ್ತದೆ, ಅದಕ್ಕೆ ತಲೆ ಬಾಲ ಯಾವುದಾದರೂ ಒಂದೇ. ಲೆಕ್ಕ ಹಾಕಿದರೆ 0.003 ಚಿಲ್ಲರೆ, ಅದಕ್ಕೆ ಬರಬೇಕಾದ ತೂಗಾಟವೂ ಸುಮಾರು 55 ಸೆಕೆಂಡೇ. ಅನೀಲ್ ಮಾಡುವವನಿಗೆ ಅರ್ಧ ಕೆಜಿ ಮೈಸೂರುಪಾಕು ಕೊಟ್ಟು ಸಮಾಧಾನ ಮಾಡಿದೆ. ಕರೆಂಟ್ ಇರುವಾಗಿನ ಅಳತೆಯಲ್ಲೂ ಇದು ನೂರಕ್ಕೆ ಒಂದೂವರೆ ಸೇರಿಕೊಳ್ಳುತ್ತದೆ, ಕಳೆಯುವುದನ್ನು ಮರೆಯಬೇಡಿ. ಕರೆಂಟನ್ನು ಎರಡೂ ದಿಕ್ಕಿಗೆ ಕೊಟ್ಟು ಸರಾಸರಿ ತೆಗೆದರೆ ಉಳಿಕೆಯ ಲೆಕ್ಕವೂ ಅದರಲ್ಲೇ ಸಿಗುತ್ತದೆ.

ನಡುವೆ ಚಪಲಕ್ಕೆ ರಿಯಾಕ್ಷನ್ ವೀಲ್ (ತಾನು ಒಂದು ಕಡೆ ಸುತ್ತಿ ಉಪಗ್ರಹವನ್ನು ಇನ್ನೊಂದು ಕಡೆಗೆ ತಿರುಗಿಸುವ ಚಕ್ರ) ಒಂದು ಮಾಡಿ ನೋಡಿದೆ. ಹಳೆಯ ಹಾರ್ಡ್ ಡಿಸ್ಕಿನ ಮೋಟರು, ಗೆಳೆಯ ಲೇತಿನಲ್ಲಿ ತೆಗೆದುಕೊಟ್ಟ ಅರವತ್ತು ಗ್ರಾಂ ಹಿತ್ತಾಳೆ ಚಕ್ರ, ಬ್ಯಾಲೆನ್ಸ್ ಮಾಡಲು ಎದುರುಬದುರು ಎರಡು ಬ್ಲೇಡು. ನಿಮಿಷಕ್ಕೆ ಐದು ಸಾವಿರ ಸುತ್ತಿನವರೆಗೆ ಮೇಜು ಗುಯ್ ಅನ್ನುತ್ತಿತ್ತು, ಆಮೇಲೆ ಸುಮ್ಮನಾಯಿತು, ನಾನೇ ಬೀಗಿದೆ. ನಿರ್ವಾತದಲ್ಲಿ ಎರಡು ದಿನ ಓಡಿಸಿದ ಮೇಲೆ ಬೇರಿಂಗ್ ಕಿರುಗುಟ್ಟಲು ಶುರುವಾಯಿತು. ನಾಸಾದ ಕೆಪ್ಲರ್ ಬಾಹ್ಯಾಕಾಶ ದೂರದರ್ಶಕಕ್ಕೇ 2012ರಲ್ಲಿ ಒಂದು, 2013ರಲ್ಲಿ ಇನ್ನೊಂದು ವೀಲ್ ಕೈಕೊಟ್ಟಿತ್ತು, ನನ್ನದೇನು ಮಹಾ. ವೀಲ್ ಹಾಕಿದವರಿಗೂ ರಾಡು ಬೇಕೇ ಬೇಕು, ನೆನಪಿರಲಿ. ಚಕ್ರ ಒಂದೇ ಕಡೆ ವೇಗ ತುಂಬಿಕೊಂಡು ಮಿತಿ ಮುಟ್ಟಿದರೆ ಅದನ್ನು ಇಳಿಸಲು ರಾಡಿನಿಂದ ಭೂಮಿಯ ಕಾಂತಕ್ಷೇತ್ರವನ್ನು ಹಿಡಿದುಕೊಳ್ಳಬೇಕು. ಹಬಲ್ ಕೂಡ ಅದಕ್ಕೆ ಇಂಥವೇ ನಾಲ್ಕು ದೊಡ್ಡ ರಾಡು ಇಟ್ಟುಕೊಂಡಿದೆ. ರಾಡಿಗೂ ಒಂದು ಕೊರತೆ ಇದೆ, ಕ್ಷೇತ್ರ ಯಾವ ದಿಕ್ಕಿಗಿದೆಯೋ ಆ ಅಕ್ಷದ ಸುತ್ತ ಅದು ತಿರುಗಿಸಲಾರದು. ಹುಡುಗರ ಪ್ರೋಗ್ರಾಂ ಅದನ್ನು ನೋಡಿಕೊಳ್ಳುತ್ತದೆಯಂತೆ. ಅದು ಅವರ ತಲೆನೋವು.

ದುಡ್ಡಿನ ಲೆಕ್ಕ ಕೇಳಬೇಡಿ ಅನ್ನಬೇಕು, ಆದರೂ ಹೇಳುತ್ತೇನೆ. ನಾಲ್ಕಕ್ಕೆ ಸಿಕ್ಕಿದ್ದು ಮೂವತ್ತಾರು ಸಾವಿರ. ಪರ್ಮಲಾಯ್, ಅನೀಲು, ಬಿಸಾಕಿದ ರಾಡು, ಎಪಾಕ್ಸಿ, ತೀರ್ಥಹಳ್ಳಿಗೆ ಮೂರು ಸಲದ ಬಸ್ಸು, ಎಲ್ಲ ಸೇರಿ ಐವತ್ತೆರಡೋ ಐವತ್ಮೂರೋ ಸಾವಿರ ಹೋಯಿತು. ರಾಡು ಇನ್ನೂ ಹಾರಿಲ್ಲ, ಅವರ ಉಪಗ್ರಹಕ್ಕೆ ಸರದಿ ಬರಬೇಕು. ಈಗ ಇನ್ನೊಂದು ತಂಡ ಆರು ಕೇಳಿದೆ, ಹದಿನಾಲ್ಕು ಸಾವಿರ ಅಂದಿದ್ದೇನೆ, ಚೌಕಾಶಿ ನಡೆದಿದೆ. ಮೊನ್ನೆ ಲೇತ್ ಗೆಳೆಯ ಬಂದು "ಆ ರೇಷ್ಮೆ ಎಳೆ ಒಂದು ಮೊಳ ಕೊಡೋ, ನಂದೊಂದು ಕೆಲಸ ಇದೆ" ಅಂದ. ಏನು ಕೆಲಸ ಅಂತ ಬಾಯಿ ಬಿಡಲಿಲ್ಲ. ಅರ್ಧ ಮೊಳ ಕೊಟ್ಟಿದ್ದೇನೆ.