ಟ್ರಂಕಿನೊಳಗಿನ ನೆನಪುಗಳನ್ನು ಕಾಪಾಡುವ ಬಗೆ

ಧಾರವಾಡದ ನಮ್ಮ ಮನೆಯ ಅಟ್ಟದ ಮೇಲಿದ್ದ ತಗಡಿನ ಟ್ರಂಕನ್ನು ಹೋದ ದೀಪಾವಳಿಗೆ ಕೆಳಗಿಳಿಸಿದಾಗ, ಅಜ್ಜಿಯ ಚಂದ್ರಕಾಳಿ, ಎಂದರೆ ಕಸೂತಿಯ ಕಪ್ಪು ಸೀರೆ, ಪ್ಲಾಸ್ಟಿಕ್ ಚೀಲದೊಳಗೇ ಬೂಷ್ಟು ಹಿಡಿದು ಕುಳಿತಿತ್ತು. ಅದನ್ನು ಚೀಲಕ್ಕೆ ತುಂಬಿ ಬಾಯಿ ಬಿಗಿದವನು ನಾನೇ. ಹುಳ ಹತ್ತಬಾರದೆಂಬ ಕಾಳಜಿಯಿಂದ ಹಾಗೆ ಮಾಡಿದ್ದೆ. ಮುಂಗಾರಿನ ದಿನಗಳಲ್ಲಿ ಕಟ್ಟಿದ್ದರಿಂದ ತೇವವೂ ಸೀರೆಯ ಜೊತೆಗೇ ಒಳಗೆ ಸೇರಿಕೊಂಡಿತ್ತು. ಆ ತಪ್ಪಿನಿಂದ ಕಲಿತದ್ದನ್ನೂ ಮನೆಯ ಹಿರಿಯರಿಂದ ಕೇಳಿದ್ದನ್ನೂ ಇಲ್ಲಿ ಬರೆದಿದ್ದೇನೆ.

ಎತ್ತಿಡುವ ಮೊದಲು ಆ ವಸ್ತುವಿನ ಕಥೆಯನ್ನು ಬರೆದುಕೊಳ್ಳಬೇಕು. ಯಾರದು, ಯಾವ ಊರಿನಿಂದ ಬಂದದ್ದು, ಯಾವ ಸಂದರ್ಭದಲ್ಲಿ ಕೊಟ್ಟದ್ದು ಎಂಬುದನ್ನು ಬಲ್ಲ ಹಿರಿಯರು ಮನೆಯಲ್ಲಿದ್ದರೆ, ಸೀರೆಯನ್ನು ಅವರ ತೊಡೆಯ ಮೇಲೆ ಬಿಚ್ಚಿಟ್ಟೇ ಕೇಳಬೇಕು. ಬಟ್ಟೆ ಕೈಗೆ ತಾಗಿದಾಗ ಬರುವ ಮಾತು ಸುಮ್ಮನೆ ಕೇಳಿದರೆ ಬರುವುದಿಲ್ಲ. ಹೇಳಿದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡರೂ ಒಂದು ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿಡುವುದು ಲೇಸು, ಏಕೆಂದರೆ ಮೊಬೈಲು ಬದಲಾಗುತ್ತದೆ ಮತ್ತು ಶಾಯಿ ತೇವಕ್ಕೆ ಹರಡುತ್ತದೆ. ಹೆಸರಿಲ್ಲದ ಸೀರೆಯನ್ನು ಮೊಮ್ಮಕ್ಕಳು ಪಾತ್ರೆಯವನಿಗೆ ಕೊಟ್ಟರೆ ಅವರನ್ನು ದೂರುವಂತಿಲ್ಲ.

ನಮ್ಮ ಭಾಗದ ಮನೆಗಳಲ್ಲಿ ಇಂಥ ಗಂಟುಗಳೊಳಗೆ ಹೆಚ್ಚಾಗಿ ಸಿಗುವುದು ಬಟ್ಟೆಯೇ: ಇಳಕಲ್ ಸೀರೆ, ಖಣದ ಕುಬಸ, ಕೌದಿ, ಕೂಸಿನ ಕುಲಾಯಿ (ಟೊಪ್ಪಿಗೆ) ಮತ್ತು ತಲೆ-ಬೆನ್ನು ಮುಚ್ಚುವ ಕುಂಚಿಗೆ. ಇವುಗಳಲ್ಲಿ ಕಸೂತಿ ಇರುವವಕ್ಕೆ ವಿಶೇಷ ಎಚ್ಚರ ಬೇಕು. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿಯ ಆನೆ ಮುಂತಾದ ಚಿತ್ತಾರಗಳನ್ನು ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ, ಎಳೆಗಳನ್ನು ಎಣಿಸುತ್ತ, ದಾರಕ್ಕೆ ಗಂಟು ಹಾಕದೆ ಹೆಣೆಯಲಾಗಿರುತ್ತದೆ. ಗಾವಂತಿ ಮತ್ತು ಮುರಗಿ ಹೊಲಿಗೆಗಳು ಎರಡೂ ಬದಿಗೆ ಒಂದೇ ತೆರನಾಗಿ ಕಾಣುತ್ತವೆ. ಆದ್ದರಿಂದ ಎದ್ದು ನಿಂತ ಎಳೆಯನ್ನು ಎಳೆಯಲೂಬಾರದು, ಕತ್ತರಿಸಲೂಬಾರದು. ಒಗೆಯುವ ಮೊದಲು, ಒದ್ದೆ ಮಾಡಿದ ಬಿಳಿ ಬಟ್ಟೆಯ ತುಂಡನ್ನು ಪ್ರತಿಯೊಂದು ಬಣ್ಣದ ದಾರದ ಮೇಲೂ ಅರ್ಧ ನಿಮಿಷ ಒತ್ತಿ ನೋಡಬೇಕು. ಬಣ್ಣ ತುಂಡಿಗೆ ಹತ್ತಿದರೆ ನೀರಿಗೆ ಹಾಕದೆ, ನೆರಳಿನಲ್ಲಿ ಗಾಳಿಗೆ ಹರವಿ ಮೆತ್ತಗಿನ ಕುಂಚದಿಂದ ಧೂಳು ತೆಗೆದರೆ ಸಾಕು. ನನ್ನ ಚಂದ್ರಕಾಳಿಯ ಬೂಷ್ಟನ್ನೂ ಹೀಗೆಯೇ, ಅಂಗಳದಲ್ಲಿ ನಿಂತು, ಮೂಗಿಗೆ ಬಟ್ಟೆ ಕಟ್ಟಿಕೊಂಡು ತೆಗೆದೆ. ಸೆರಗಿನ ಒಂದು ಕಲೆ ಮಾತ್ರ ಇಂದಿಗೂ ಹೋಗಿಲ್ಲ.

ಎತ್ತಿಡುವ ಬಟ್ಟೆಗೆ ಗಂಜಿ ಹಾಕಬಾರದು, ಗಂಜಿಯೇ ಬೆಳ್ಳಿಹುಳಕ್ಕೆ ಆಹಾರ. ಒಗೆದು ಗಂಜಿ ಬಿಡಿಸಿದ ಹಳೆಯ ಹತ್ತಿ ಧೋತರ ಅಥವಾ ಮಲ್ ಬಟ್ಟೆಯಲ್ಲಿ ಸುತ್ತಿಡುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ಡಾಂಬರು ಗುಳಿಗೆ ಹಾಕಲೇಬೇಕೆಂದರೆ ಅದು ಬಟ್ಟೆಗೂ ಜರಿಗೂ ತಾಗದಂತೆ ಪುಟ್ಟ ಚೀಲದಲ್ಲಿ ಕಟ್ಟಿ ಮೂಲೆಯಲ್ಲಿಡಬೇಕು. ಬೇವಿನ ಎಲೆಯನ್ನಾದರೂ ಪೂರ್ತಿ ಒಣಗಿಸಿಯೇ ಹಾಕಬೇಕು, ಹಸಿ ಎಲೆ ಕಲೆ ಮಾಡುತ್ತದೆ. ಮಡಿಕೆಯ ಗೆರೆಯಲ್ಲಿಯೇ ಸೀರೆ ಸೀಳುವುದರಿಂದ ವರ್ಷಕ್ಕೆ ಎರಡು ಸಲವಾದರೂ ಬಿಚ್ಚಿ, ಗೆರೆ ಬೇರೆಡೆ ಬರುವಂತೆ ಮಡಿಸಬೇಕು. ಕೌದಿಯನ್ನು ವಾಷಿಂಗ್ ಮಷೀನಿಗೆ ಹಾಕುವ ಯೋಚನೆಯನ್ನೇ ಬಿಡಬೇಕು. ಅದರೊಳಗಿನ ಹಳೆಯ ಸೀರೆಯ ಪದರುಗಳು ನೆನೆದು ಭಾರವಾಗಿ ಹೊಲಿಗೆಯನ್ನು ಜಗ್ಗುತ್ತವೆ.

ಕಾಗದಪತ್ರಗಳಿಗೆ ದೊಡ್ಡ ಶತ್ರುಗಳೆಂದರೆ ಸೆಲ್ಲೋಟೇಪು, ಟಾಚಣಿ (ಗುಂಡುಸೂಜಿ) ಮತ್ತು ಲ್ಯಾಮಿನೇಷನ್ನು. ಇನ್‌ಲ್ಯಾಂಡ್ ಪತ್ರಗಳನ್ನು ಬಿಚ್ಚಿ, ತುಕ್ಕು ಹಿಡಿಯುವ ಟಾಚಣಿ ತೆಗೆದು, ಸಪಾಟಾಗಿ ಲಕೋಟೆಯಲ್ಲಿಡಬೇಕು. ಫೋಟೋದ ಹಿಂದೆ ಹೆಸರು ಬರೆಯುವುದಾದರೆ ಮೆತ್ತಗಿನ ಪೆನ್ಸಿಲಿನಿಂದ, ಒತ್ತದೆ, ಅಂಚಿನಲ್ಲಿ ಬರೆಯಬೇಕು. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಹಳೆಯ ಫೋಟೋವನ್ನು ಕೀಳಲು ಹೋದರೆ ಮುಖವೇ ಗಾಜಿನ ಮೇಲೆ ಉಳಿಯುತ್ತದೆ. ಗಾಜಿನ ಸಮೇತ ಅದನ್ನು ಸ್ಕ್ಯಾನ್ ಮಾಡಿಸಿ, ಹಾಗೆಯೇ ಬಿಡುವುದು ಕ್ಷೇಮ. ಕಂಡಕ್ಟರು ಯಂತ್ರದಿಂದ ಹರಿದು ಕೊಡುವ ಬಸ್ ಟಿಕೇಟು ಶಾಖಕ್ಕೆ ಕಪ್ಪಾಗುವ ಕಾಗದದ್ದು, ಅದರ ಅಕ್ಷರ ಬೇಗ ಅಳಿಸಿಹೋಗುವುದರಿಂದ ಜೆರಾಕ್ಸ್ ಮಾಡಿಸಿಡಬೇಕು. ಹುಬ್ಬಳ್ಳಿಯ ನಿಲ್ದಾಣದಲ್ಲಿ ಹಿಂದೆ ಕೊಡುತ್ತಿದ್ದ ದಪ್ಪ ರಟ್ಟಿನ ರೈಲು ಟಿಕೇಟಿಗೆ ಈ ಚಿಂತೆಯಿಲ್ಲ.

ಹಿತ್ತಾಳೆ ತಾಮ್ರದ ಪಾತ್ರೆಗಳ ವಿಷಯದಲ್ಲಿ ಒಂದೇ ಮಾತು. ಮದುವೆಯಲ್ಲಿ ಕೊಟ್ಟ ತಂಬಿಗೆಯ ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಹೊಡೆಸಿದ ಹೆಸರು ಹುಣಸೆಹಣ್ಣು ಮತ್ತು ಬೂದಿಯ ತಿಕ್ಕಾಟಕ್ಕೆ ಸವೆಯುತ್ತ ಹೋಗುತ್ತದೆ. ನಮ್ಮ ಮನೆಯ ಒಂದು ತಂಬಿಗೆಯಲ್ಲಿ ಈಗ ‘ಚಿ. ಸೌ.’ ಎಂಬುದಷ್ಟೇ ಉಳಿದಿದೆ, ಮುಂದಿನ ಹೆಸರು ಬೆರಳಿಗೆ ಮಾತ್ರ ಒಂದಿಷ್ಟು ತಾಗುತ್ತದೆ. ಹೆಸರಿರುವ ಜಾಗವನ್ನು ಬಿಟ್ಟು ಬೆಳಗಬೇಕು, ಅಲ್ಲಿ ಕಪ್ಪು ಉಳಿದರೆ ಉಳಿಯಲಿ.

ಸನ್ಮಾನದಲ್ಲಿ ಕೊರಳಿಗೆ ಬಿದ್ದ ಹಾವೇರಿಯ ಏಲಕ್ಕಿ ಮಾಲೆಯನ್ನು ಗೋಡೆಗೆ ತೂಗುಹಾಕಿದರೆ ಅದು ಧೂಳು ತಿನ್ನುತ್ತದೆ. ಬಿಗಿ ಮುಚ್ಚಳದ ಗಾಜಿನ ಭರಣಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಬಹುದು.

ಕೂಸಿನ ಕುಂಚಿಗೆಯಂಥ ಗಟ್ಟಿಯಾಗಿರುವ ವಸ್ತುವನ್ನು ಬಳಸದೆ ಮುಚ್ಚಿಡುವುದು ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲಿ ತೊಟ್ಟಿಲು ಕಟ್ಟಿದ ದಿನ ಹೊಸ ಕೂಸಿಗೆ ಒಂದು ಗಳಿಗೆ ಹೊದಿಸಿ, ಒಗೆದು ಒಣಗಿಸಿ ಮತ್ತೆ ಸುತ್ತಿಡಬಹುದು. ಟ್ರಂಕನ್ನು ನೆಲಕ್ಕೆ ತಾಗಿಸದೆ ಮಣೆಯ ಮೇಲಿಟ್ಟು, ಮಳೆಗಾಲ ಶುರುವಾಗುವ ಮುನ್ನ ಒಮ್ಮೆ, ದೀಪಾವಳಿಯ ಬಿಸಿಲಿನಲ್ಲಿ ಇನ್ನೊಮ್ಮೆ ತೆರೆದು ನೋಡಬೇಕು. ಮುಚ್ಚಳದ ಒಳಗೆ ದಾರ ಕಟ್ಟಿದ ಒಂದು ಹಾಳೆಯಿರಲಿ: ತೆರೆದ ದಿನಾಂಕ, ತೆಗೆದ ವಸ್ತು, ಯಾರಿಗೆ ಹೊದಿಸಿದ್ದು.